ಲೀಟರಿಗೆ ಎರಡು ಪೈಸೆ

ಬೆಂಗಳೂರಲ್ಲಿ ಪೆಟ್ರೋಲ್ ನೂರು ದಾಟಿದ ವಾರ ನಮ್ಮ ಟೀಮ್ ಕಾಲ್‌ನಲ್ಲಿ ಕೆಲಸದ ಮಾತೇ ನಡೀಲಿಲ್ಲ. ‘ನಮ್ ದುಡ್ಡೆಲ್ಲ ಬಿಹಾರಕ್ಕೆ ಹೋಗ್ತಿದೆ ಗುರೂ’ ಅಂದ ಒಬ್ಬ. ಅದೇ ಕಾಲ್‌ನಲ್ಲಿ ಪಟ್ನಾದ ಹುಡುಗನೂ ಇದ್ದ. ಅಷ್ಟು ಕನ್ನಡ ಅವನಿಗೆ ಅರ್ಥವಾಗುತ್ತೆ. ಮೈಕ್ ಆಫ್ ಮಾಡಿಕೊಂಡ. ನನಗೆ ಒಂಥರಾ ಆಯ್ತು. ಏನಿದೆ ನೋಡೇಬಿಡೋಣ ಅಂತ 15ನೇ ಹಣಕಾಸು ಆಯೋಗದ ವರದಿ ತೆರೆದೆ.

ಸಿಟ್ಟಿಗೆ ಕಾರಣವಂತೂ ಇದೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆಷ್ಟು ಅಂತ ಐದು ವರ್ಷಕ್ಕೊಮ್ಮೆ ಸಲಹೆ ಕೊಡೋದು ಈ ಆಯೋಗ. 14ನೇ ಆಯೋಗ ಕರ್ನಾಟಕಕ್ಕೆ ಶೇ. 4.713 ಪಾಲು ಕೊಟ್ಟಿತ್ತು. ಎನ್.ಕೆ. ಸಿಂಗ್ ಅಧ್ಯಕ್ಷತೆಯ 15ನೆಯದು ಅದನ್ನು ಶೇ. 3.647ಕ್ಕೆ ಇಳಿಸಿತು. ತಲಾ ಆದಾಯ ಕಡಿಮೆ ಇರುವವರಿಗೆ ಹೆಚ್ಚು ಅನ್ನೋ ಲೆಕ್ಕಕ್ಕೇ ಶೇ. 45 ತೂಕ. ಬೆಂಗಳೂರಿನ ಸಂಬಳ ಇಡೀ ರಾಜ್ಯದ ಸರಾಸರಿಯನ್ನು ಮೇಲೆತ್ತುತ್ತೆ, ಯಾದಗಿರಿ ಅದರಡಿ ಮುಚ್ಚಿಹೋಗುತ್ತೆ. ಇದು ವರದಿಯ ದೋಷವೇ.

ಆದರೆ ಹಿಂದುಳಿದವರಿಗೆ ಜಾಸ್ತಿ ಅನ್ನೋ ನ್ಯಾಯ ತಪ್ಪಲ್ಲ. ಯಾದಗಿರಿ, ರಾಯಚೂರಿಗಾಗಿ 371ಜೆ ಕೇಳಿ ಪಡೆದ ನಾವು ಅದನ್ನು ತಪ್ಪು ಅನ್ನೋಕಾಗಲ್ಲ.

ನನ್ನ ತಕರಾರು ಬೇರೆ. ಆಯೋಗ ಹಂಚೋದು ತನ್ನ ಮುಂದಿಟ್ಟ ಗಂಟನ್ನು ಮಾತ್ರ. ಸೆಸ್, ಸರ್ಚಾರ್ಜ್ ಆ ಗಂಟಿಗೆ ಬರೋದೇ ಇಲ್ಲ. 270ನೇ ವಿಧಿಯೇ ಹೊರಗಿಟ್ಟಿದೆ. ಪೆಟ್ರೋಲನ್ನೇ ತಗೊಳ್ಳಿ. ಆಗ, ಅಂದರೆ 2021ರ ಜೂನ್‌ನಲ್ಲಿ, ಲೀಟರಿಗೆ ಕೇಂದ್ರದ ಸುಂಕ 32.90 ರೂಪಾಯಿ ಇತ್ತು. (ರಾಜ್ಯದ ಮಾರಾಟ ತೆರಿಗೆ ಬೇರೆ, ಅದರಲ್ಲಿ ನಮ್ಮ ಸರ್ಕಾರವೇನೂ ಸಾಚಾ ಅಲ್ಲ.) ಈ 32.90ರಲ್ಲಿ ಹಂಚಿಕೆಗೆ ಸಿಗುತ್ತಿದ್ದ ಮೂಲ ಸುಂಕ 1.40 ಮಾತ್ರ. ಅದರ ಶೇ. 41, ಅಂದರೆ 57 ಪೈಸೆ ಎಲ್ಲ ರಾಜ್ಯಗಳಿಗೆ. ಅದರಲ್ಲಿ ಬಿಹಾರಕ್ಕೆ ಸುಮಾರು ಆರು ಪೈಸೆ. ನಮಗೆ ಎರಡು.

ಉಳಿದ 31.50 ರೂಪಾಯಿ? ಅದರಲ್ಲಿ ರಸ್ತೆ ಆಗಲ್ಲ ಅಂತಲ್ಲ. ಎಲ್ಲಿ, ಯಾವಾಗ ಅಂತ ದಿಲ್ಲಿಯೊಂದೇ ತೀರ್ಮಾನ ಮಾಡುತ್ತೆ, ಅಷ್ಟೆ.

ಇನ್ನು ಆಯೋಗದ ಮಾತಿಗೆ ಬೆಲೆ ಎಷ್ಟು? ಪಾಲು ಕುಸಿದ ಕಾರಣಕ್ಕೆ 2020-21ಕ್ಕೆ ಕರ್ನಾಟಕಕ್ಕೆ 5,495 ಕೋಟಿ ವಿಶೇಷ ಅನುದಾನ ಕೊಡಿ ಅಂತ ಅದೇ ಆಯೋಗ ಹೇಳಿತ್ತು. ಕೇಂದ್ರ ಒಪ್ಪಲಿಲ್ಲ. ಸಂವಿಧಾನವೇ ಹುಟ್ಟಿಸಿದ ಸಂಸ್ಥೆ, ಆದರೂ ಅದು ಕೊಡೋದು ಸಲಹೆ ಮಾತ್ರ. ದಶಮಾಂಶದ ಮೂರನೇ ಸ್ಥಾನದವರೆಗೆ ಲೆಕ್ಕ ಹಾಕುವ ಆಯೋಗಕ್ಕೆ ಗಂಟಿನ ಗಾತ್ರದ ಮೇಲೆ ಹಿಡಿತವಿಲ್ಲ.

ಮರುದಿನ ಪಟ್ನಾದ ಹುಡುಗನಿಗೆ ಈ ಲೆಕ್ಕ ಕಳಿಸಿದೆ. ‘ಆರು ಪೈಸೆಗೆ ಇಷ್ಟು ಬೈಸ್ಕೊಂಡ್ನಾ?’ ಅಂತ ಕೇಳಿದ. ನಗು ಬಂತು, ಆಮೇಲೆ ನಾಚಿಕೆಯೂ ಆಯ್ತು. 57 ಪೈಸೆಗೆ ನಾವಿಬ್ಬರೂ ಕಿತ್ತಾಡ್ತಾ ಇದ್ದರೆ 31.50ರ ಬಗ್ಗೆ ಕೇಳೋರು ಯಾರು?