ಪ್ರೀಆಂಪ್‌ಗೆ ಇನ್ನೂ ಕೆಲಸವಿದೆಯೇ?

ಒಳ್ಳೆಯ ಸ್ಪೀಕರ್, ಒಳ್ಳೆಯ ಪವರ್ ಆಂಪ್ ಮನೆಗೆ ಬಂದ ಮೇಲೆ ಏಳುವ ಪ್ರಶ್ನೆ: ಸಂಗೀತದ ಮೂಲಕ್ಕೂ ಪವರ್ ಆಂಪಿಗೂ ನಡುವೆ ಪ್ರೀಆಂಪ್ ಬೇಕೇ? ಅಂಗಡಿಯವರನ್ನು ಕೇಳಿದರೆ ಬೇಕೆಂದೇ ಹೇಳುತ್ತಾರೆ. ನಿಮ್ಮಲ್ಲಿರುವುದು ವಾಲ್ಯೂಮ್ ಇರುವ ಒಂದು ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗ್ ಆಗಿಸುವ ಸಾಧನ) ಮಾತ್ರವಾದರೆ, ಬೇಡ ಎನ್ನುವುದು ನನ್ನ ಮಾತು.

ಎಲ್‌ಪಿ ಕಾಲದಲ್ಲಿ ಪ್ರೀಆಂಪ್ ಇಲ್ಲದೆ ನಡೆಯುತ್ತಿರಲಿಲ್ಲ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್. ಮೂವಿಂಗ್ ಕಾಯಿಲ್ ಆದರೆ ಅದರ ಹತ್ತನೇ ಒಂದು ಪಾಲು. ಸಾಲದ್ದಕ್ಕೆ, ತಟ್ಟೆ ಕೊರೆಯುವಾಗ ಬಾಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ. ಕೇಳುವಾಗ ಆರ್‌ಐಎಎ ಲೆಕ್ಕದಂತೆ ಅದನ್ನು ಸರಿಪಡಿಸಬೇಕು. ಇಂಗ್ಲೆಂಡಿನ ಕ್ವಾಡ್ ಕಂಪನಿ 1967ರಲ್ಲಿ 303 ಪವರ್ ಆಂಪ್‌ಗೆ ಜೋಡಿಯಾಗಿ ತಂದ ‘33’ ಪ್ರೀಆಂಪ್ ಈ ಕೆಲಸದ ಜೊತೆಗೆ ರೇಡಿಯೊ, ಟೇಪುಗಳನ್ನೂ ನಿಭಾಯಿಸುತ್ತಿತ್ತು.

1982ರಲ್ಲಿ ಸಿಡಿ ಬಂತು, ಲೆಕ್ಕ ತಲೆಕೆಳಗಾಯಿತು. ಪ್ಲೇಯರಿನಿಂದಲೇ ಸುಮಾರು 2 ವೋಲ್ಟ್ ಬರತೊಡಗಿತು. ಇಂದಿನ ಡ್ಯಾಕ್‌ಗಳದ್ದೂ ಅದೇ ಮಟ್ಟ; ಬ್ಯಾಲೆನ್ಸ್ಡ್ ಆದರೆ 4. ಆದರೆ 29 ಡೆಸಿಬೆಲ್ ಗೇನ್ ಇರುವ ಆಂಪು 8 ಓಮ್ ಸ್ಪೀಕರ್‌ಗೆ 100 ವಾಟ್ ಕೊಡಲು 1 ವೋಲ್ಟ್ ಸಾಕು. ಕೋಣೆ ತುಂಬುವ 1 ವಾಟ್‌ಗೆ ಅದರ ಹತ್ತನೇ ಒಂದು ಪಾಲು. ಹೀಗಾಗಿ ಪ್ರೀಆಂಪ್ ಈಗ ಹಿಗ್ಗಿಸುವುದಕ್ಕಿಂತ ತಗ್ಗಿಸುವುದೇ ಹೆಚ್ಚು.

ತಗ್ಗಿಸುವುದನ್ನು ಡ್ಯಾಕ್ ತಾನೇ ಮಾಡಬಲ್ಲದು. ಡಿಜಿಟಲ್ ವಾಲ್ಯೂಮ್ ಬಿಟ್‌ಗಳನ್ನು ತಿನ್ನುತ್ತದೆ ಎಂಬ ದೂರು 16 ಬಿಟ್ ಕಾಲದ್ದು. ಆಗ 6 ಡೆಸಿಬೆಲ್‌ಗೆ ಒಂದು ಬಿಟ್ ಹೋಗುತ್ತಿತ್ತು. 32 ಬಿಟ್‌ನಲ್ಲಿ ಲೆಕ್ಕ ಹಾಕುವ ಈಗಿನ ಡ್ಯಾಕಿನಲ್ಲಿ ಉಳಿಯುವುದು ಅದರ ಸ್ವಂತ ಗದ್ದಲ ಮಾತ್ರ. 120 ಡೆಸಿಬೆಲ್ ಶುದ್ಧತೆಯ ಡ್ಯಾಕನ್ನು 26 ಡೆಸಿಬೆಲ್ ತಗ್ಗಿಸಿದರೂ 94 ಉಳಿಯುತ್ತದೆ. ಎಲ್‌ಪಿ 70 ದಾಟುವುದೇ ಕಷ್ಟ.

ನಿಜವಾದ ಅಪಾಯ ಬೇರೆ. ಕಂಪ್ಯೂಟರಿನ ವಾಲ್ಯೂಮ್ ಅಪ್ಪಿತಪ್ಪಿ ಪೂರ್ತಿ ಏರಿದರೆ ಟ್ವೀಟರ್ ಸುಟ್ಟೀತು. ಅದಕ್ಕೆ ಪವರ್ ಆಂಪಿನ ಗೇನನ್ನು ಕಡಿಮೆಗೆ ಇಡಿ, ಇಲ್ಲವೇ ನಡುವೆ ಮಟ್ಟ ತಗ್ಗಿಸುವ ಅಟೆನ್ಯುಯೇಟರ್ ಹಾಕಿ.

ಬರಿಯ ಪೊಟೆನ್ಶಿಯೊಮೀಟರ್ ಇರುವ ‘ಪ್ಯಾಸಿವ್ ಪ್ರೀ’ಯೂ ಇದೆ. 10 ಕಿಲೋ ಓಮ್‌ನದಾದರೆ ತೊಂದರೆಯಿಲ್ಲ. 50 ಕಿಲೋ ಓಮ್‌ನದನ್ನು ಹತ್ತು ಮೀಟರ್ ಕೇಬಲ್‌ಗೆ ಕಟ್ಟಿದರೆ ಕೇಬಲಿನ ಕೆಪ್ಯಾಸಿಟೆನ್ಸ್ 13 ಕಿಲೋಹರ್ಟ್ಸ್ ಸುಮಾರಿಗೇ ಮೇಲಿನ ಸ್ವರಗಳನ್ನು ತಿನ್ನತೊಡಗುತ್ತದೆ. ತಂಬೂರಿಯ ಮೇಲಿನ ಹೊಳಪು ಮಂಕಾಗುತ್ತದೆ. ಉದ್ದ ಕೇಬಲ್ ಇದ್ದವರಿಗೆ ನಿಜವಾದ ಪ್ರೀಆಂಪೇ ಬೇಕು. ಟರ್ನ್‌ಟೇಬಲ್, ಸಿಡಿ, ಟಿವಿ ಎಲ್ಲವನ್ನೂ ಒಂದೇ ಆಂಪಿಗೆ ಜೋಡಿಸುವವರಿಗೂ ಬೇಕು. ಎಲ್‌ಪಿ ಒಂದನ್ನೇ ಕೇಳುವವರಿಗೆ ಕಾರ್ಟ್ರಿಜ್ ಸಂಕೇತವನ್ನು ಹಿಗ್ಗಿಸಿ ಸರಿಪಡಿಸುವ, ವಾಲ್ಯೂಮ್ ಇರುವ ಫೋನೊ ಸ್ಟೇಜ್ ಸಾಕು.

ವಾಲ್ವ್ ಪ್ರೀಆಂಪ್ ಇಟ್ಟರೆ ಗಾಯಕರ ಕಂಠಕ್ಕೆ ಮೈ ಬರುತ್ತದೆ ಎನ್ನುವವರಿದ್ದಾರೆ. ಅದು ಬಹುಪಾಲು ಎರಡನೇ ಹಾರ್ಮೋನಿಕ್ ಸೇರಿಸುವ ಬಣ್ಣ. ಬಣ್ಣ ಹಿಡಿಸಿದರೆ ಧಾರಾಳವಾಗಿ ಕೊಳ್ಳಿ, ಶುದ್ಧತೆಯ ಹೆಸರಲ್ಲಿ ಬೇಡ.

ಯಾವುದೇ ಪ್ರೀಆಂಪ್ ಕೊಳ್ಳುವ ಮುನ್ನ ಸ್ನೇಹಿತರದನ್ನು ಎರವಲು ತನ್ನಿ. ಟೆಸ್ಟ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ವೋಲ್ಟ್‌ಮೀಟರ್ ಇಟ್ಟು ಪ್ರೀಆಂಪ್ ಇದ್ದಾಗ, ಇಲ್ಲದಾಗ ಎರಡೂ ಬಗೆಯಲ್ಲಿ ಮಟ್ಟ ಸಮ ಮಾಡಿಕೊಳ್ಳಿ. ಕೂದಲೆಳೆಯಷ್ಟು ಜೋರಾಗಿರುವುದೇ ಕಿವಿಗೆ ‘ಚೆನ್ನ’ ಎನಿಸುತ್ತದೆ. ಆಮೇಲೂ ವ್ಯತ್ಯಾಸ ಕೇಳದಿದ್ದರೆ ಆ ದುಡ್ಡು ಸ್ಪೀಕರಿಗೆ ಹೋಗಲಿ.