ಕರುಣ್ ಚಾಂದೋಕ್: ರೇಸನ್ನು ಬಿಡಿಸಿ ಹೇಳುವ ದನಿ

ಮೋಟಾರ್ ರೇಸ್ ವಿಶ್ಲೇಷಣೆಯಲ್ಲಿ ಭಾರತದಿಂದ ಜಗತ್ತಿಗೆ ಪರಿಚಿತವಾದ ದನಿ ಕರುಣ್ ಚಾಂದೋಕ್ ಅವರದು. 1984ರಲ್ಲಿ ಚೆನ್ನೈನಲ್ಲಿ ಹುಟ್ಟಿದ ಅವರದು ರೇಸಿನ ಮನೆತನ. ತಾತ ಇಂದು ಚಾಂದೋಕ್ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಸ್ಥಾಪಕರಲ್ಲೊಬ್ಬರು. 2010 ಮತ್ತು 2011ರಲ್ಲಿ ಒಟ್ಟು 11 ಫಾರ್ಮುಲಾ ಒನ್ ರೇಸ್‌ಗಳಲ್ಲಿ ಕಾರು ಓಡಿಸಿದ ಕರುಣ್, ಮುಂದೆ ಬ್ರಿಟನ್ನಿನ ಚಾನೆಲ್ 4ರಲ್ಲಿ, 2019ರಿಂದ ಸ್ಕೈ ಸ್ಪೋರ್ಟ್ಸ್‌ನಲ್ಲಿ ವಿಶ್ಲೇಷಕರಾದರು.

ಅವರ ಕಸುಬುಗಾರಿಕೆ ಕಾಣುವುದು ದೊಡ್ಡ ಟಚ್‌ಸ್ಕ್ರೀನಿನ ಮುಂದೆ. ಎರಡು ಕಾರು ಒಂದೇ ತಿರುವಿಗೆ ನುಗ್ಗುವ ದೃಶ್ಯವನ್ನು ನಿಲ್ಲಿಸಿ, ಒಬ್ಬ ಎಲ್ಲಿ ಬ್ರೇಕ್ ಒತ್ತಿದ, ಇನ್ನೊಬ್ಬ ಸ್ಟೇರಿಂಗ್ ಯಾವಾಗ ತಿರುಗಿಸಿದ ಎಂದು ಬೆರಳಿಟ್ಟು ತೋರಿಸುತ್ತಾರೆ. ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಮುಗಿದುಹೋದದ್ದು ಹೊಸಬರಿಗೂ ಅರ್ಥವಾಗುತ್ತದೆ. ರೇಸ್ ಕಾರಿನ ಸೀಟಿನಲ್ಲಿ ಕೂತು ಬಂದವರಿಗೆ ಮಾತ್ರ ದಕ್ಕುವ ಮಾತಿದು.