ಮಂಜೊಟ್ಟಿಯ ಗೆಲುವು, ಬೆತ್ತದ ಲೆಕ್ಕ



ಕಾವೂರಿನ ನೆರೆಯ ಬಂಗ್ರಕೂಳೂರಿನಲ್ಲಿ ನಡೆಯುವ ಮಂಗಳೂರು ಕಂಬಳವು ನಿಮಗೆ ಅಪರಿಚಿತವಲ್ಲ. ಮಕ್ಕಳನ್ನು ಹೆಗಲೇರಿಸಿಕೊಂಡು ಜೋಡುಕರೆಯ ಬದಿಯಲ್ಲಿ ನಿಂತವರು ನಿಮ್ಮಲ್ಲಿ ಅನೇಕರಿರಬಹುದು. ಕಂಬಳದ ಕೋಣಗಳನ್ನು ಸಾಕುವ ಕ್ರೈಸ್ತ ಕುಟುಂಬಗಳೂ ತುಳುನಾಡಿನಲ್ಲಿವೆ. ಆದುದರಿಂದ ಇಲ್ಲಿ ಹೇಳಹೊರಟಿರುವುದು ಹೊರಗಿನವರ ಆಕ್ಷೇಪವಲ್ಲ, ನಮ್ಮ ಮನೆಯ ಮಾತು.

ಗೆಲುವನ್ನು ಅಳೆಯುವುದರಲ್ಲಿ ಕಂಬಳವು ಬಹು ದೂರ ಸಾಗಿದೆ. ಮಂಜೊಟ್ಟಿಯಲ್ಲಿ ಲೇಸರ್ ಕಿರಣವು ಸೆಕೆಂಡಿನ ನೂರನೆಯ ಒಂದು ಭಾಗವನ್ನೂ ಗುರುತಿಸುತ್ತದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.50 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ ಜಗತ್ತೇ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಆದರೆ ಕೋಣದ ಬೆನ್ನಿಗೆ ಬೀಳುವ ಏಟನ್ನು ಆ ಕಿರಣವು ಎಣಿಸುವುದಿಲ್ಲ.

2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ನೀಡಿದ ತೀರ್ಪಿನ ನೆರಳು ಕಂಬಳದ ಮೇಲೂ ಬಿದ್ದಿತು. 2017ರಲ್ಲಿ ಕರ್ನಾಟಕವು ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೆ ಅವಕಾಶ ಕಲ್ಪಿಸಿತು. ಪ್ರಾಣಿಗಳಿಗೆ ಅನಗತ್ಯ ನೋವು ಉಂಟಾಗಬಾರದೆಂಬುದು ಅದರ ಷರತ್ತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿದು, ನಿಯಮಗಳ ಕಟ್ಟುನಿಟ್ಟಿನ ಪಾಲನೆಯ ಹೊಣೆಯನ್ನು ಜಿಲ್ಲಾಡಳಿತಕ್ಕೆ ಒಪ್ಪಿಸಿತು.

ನನ್ನ ತಕರಾರು 'ಅನಗತ್ಯ' ಎಂಬ ಪದದ ಕುರಿತಾದದ್ದು. ಗೆಲ್ಲಲೇಬೇಕೆಂದು ಹೊರಟವನಿಗೆ ಯಾವ ಏಟು ಅನಗತ್ಯ? ಎದುರಿನ ಜೋಡಿ ಅರ್ಧ ಹೆಜ್ಜೆ ಮುಂದಿರುವಾಗ ಪ್ರತಿಯೊಂದು ಏಟೂ ಅವನಿಗೆ ಅಗತ್ಯವೆಂದೇ ತೋರುತ್ತದೆ. ಅಳತೆಯಿಲ್ಲದ ನಿಯಮವು ಒಳ್ಳೆಯವನನ್ನು ಮಾತ್ರ ಕಟ್ಟಿಹಾಕುತ್ತದೆ. ಬೆತ್ತವನ್ನು ತಡೆದವನು ಸೋಲುತ್ತಾನೆ, ಬೀಸಿದವನು ಪದಕ ಪಡೆಯುತ್ತಾನೆ.

ಬ್ರಿಟನ್ನಿನ ಕುದುರೆ ಪಂದ್ಯಗಳಲ್ಲಿ 2023ರಿಂದ ಸಮತಟ್ಟಿನ ಓಟಕ್ಕೆ ಆರು, ತಡೆಗಳ ಓಟಕ್ಕೆ ಏಳು ಏಟುಗಳೆಂಬ ಮಿತಿಯಿದೆ. ಮಿತಿಯನ್ನು ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಏಟುಗಳಿಂದ ಮೀರಿದರೆ ಗೆದ್ದ ಕುದುರೆಯೂ ಅನರ್ಹವಾಗುತ್ತದೆ. ಹೊಡೆಯಲು ಅಷ್ಟಾದರೂ ಅನುಮತಿ ಏಕೆಂದು ಕೇಳಬಹುದು. ಆದರೆ ಅಲ್ಲಿ ತಪ್ಪಿಗೆ ತೆರಬೇಕಾದ ಬೆಲೆ ಗೆಲುವೇ ಎಂಬುದನ್ನು ಗಮನಿಸಿ.

ಕೋಣಗಳ ಯಜಮಾನರ ಪ್ರೀತಿ ಸುಳ್ಳಲ್ಲ. ಹುರುಳಿ ಬೇಯಿಸಿ ತಿನ್ನಿಸುವುದು, ಎಣ್ಣೆ ತಿಕ್ಕುವುದು, ಈಜಾಡಿಸುವುದು, ಇವೆಲ್ಲ ಮನೆಮಂದಿಯ ಆರೈಕೆಗೆ ಸಮಾನವಾದವು. ಆದರೆ ವರ್ಷದ ಆರೈಕೆಯು ಹದಿಮೂರು ಸೆಕೆಂಡುಗಳ ಕ್ರೌರ್ಯಕ್ಕೆ ಪರವಾನಿಗೆಯಾಗಲಾರದು.

ಸಂಖ್ಯಾಕಾಂಡದಲ್ಲಿ ಬಿಳಾಮನು ತನ್ನ ಕತ್ತೆಯನ್ನು ಮೂರು ಬಾರಿ ಹೊಡೆದನು. ಕತ್ತೆಯು ಬಾಯ್ದೆರೆದು ಅವನನ್ನು ಪ್ರಶ್ನಿಸಿತು. ದೇವದೂತನೂ ಅದೇ ಪ್ರಶ್ನೆಯನ್ನು ಕೇಳಿದನು. ಆ ಏಟುಗಳ ಲೆಕ್ಕವನ್ನು ದೇವರು ಇಟ್ಟಿದ್ದರು. ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ನಿಯಮಾನುಸಾರ ಸ್ಪರ್ಧಿಸದವನಿಗೆ ಜಯಮಾಲೆ ಇಲ್ಲವೆನ್ನುತ್ತಾರೆ. ಕಂಬಳಕ್ಕೆ ಈ ಎರಡು ಮಾತುಗಳು ಸಾಕು: ಏಟನ್ನು ಎಣಿಸಿರಿ, ಮಿತಿ ಮೀರಿದವನಿಂದ ಪದಕವನ್ನು ಹಿಂದಕ್ಕೆ ಪಡೆಯಿರಿ.

ನಮ್ಮ ಪಾಲಿನ ಹೊಣೆಯೂ ಇದೆ. ಬೆತ್ತ ಬೀಸಿದಾಗ ಶಿಳ್ಳೆ ಹೊಡೆಯುವವರು ಕರೆಯ ಬದಿಯಲ್ಲಿ ನಿಂತ ನಾವೇ. ಮುಂದಿನ ಕಂಬಳಕ್ಕೆ ಮಕ್ಕಳನ್ನು ಅಗತ್ಯವಾಗಿ ಕರೆದೊಯ್ಯಿರಿ. ಯಾವ ಜೋಡಿ ಗೆದ್ದಿತೆಂದು ಅವರು ಕೇಳಿದಾಗ, ಹೇಗೆ ಗೆದ್ದಿತೆಂಬುದನ್ನೂ ತಿಳಿಸಿರಿ.